ಗುಟುಕು

ಸೊಲ್ಲಾಪುರದ ಕಡೆಯಿಂದ ಬಂದ ಬುಟ್ಟಿಯವನು
ಹಳೆ ಕಬ್ಬಿಣಕ್ಕೆ ಮರಿ, ಒಡೆದ ಕೊಡಕ್ಕೆ ಮರಿ ಎಂದು
ಮೈಂದರ್ಗಿಯ ಓಣಿಯೆಲ್ಲ ಕೂಗಿ
ಸಂಜೆಗೆ ಬುಟ್ಟಿ ಝಾಡಿಸಿದಾಗ ತಳದಲ್ಲಿ ಎರಡು ಉಳಿದಿದ್ದವು,
ಒಂದು ಗುಲಾಬಿ, ಒಂದು ಹಸಿರು,
ಬಣ್ಣದಲ್ಲಿ ಅದ್ದಿ ಹಿಂಡಿದ ಅರಳೆಯ ಹಾಗೆ
ಒಂದರ ಮೇಲೊಂದು.
"ನಾಳಿತನಕಾ ಉಳಿಯೂದಿಲ್ಲ, ಚೆಲ್ಲಿಬಿಡ್ರಿ"
ಅಂದವನೇ ಬೈಕಿಗೆ ಒದ್ದು ಹೋದ.

ಅಬ್ಬಾ ಕತ್ತಿ ತೊಳೆಯುತ್ತಿದ್ದ.
ಅಂದು ರವಿವಾರ. ನಲವತ್ತಾರು ಕೋಳಿ ಕೊಯ್ದ ಕೈ
ಎರಡನ್ನೂ ಒಂದೇ ಮುಷ್ಟಿಯಲ್ಲೆತ್ತಿ
ಕಿವಿಗೆ ಹಿಡಿಯಿತು,
ನಿಂತುಹೋದ ಗಡಿಯಾರಕ್ಕೆ ಹಿಡಿದು ನೋಡುವ ಹಾಗೆ.

ಚಪ್ಪಲಿ ಡಬ್ಬಿಗೆ ಮೊಳೆಯಿಂದ ತೂತು ಹೊಡೆದೆವು.
ಒಳಗೆ ಅಮ್ಮಿಯ ಹಳೆ ಓಢಣಿ, ಮೇಲೆ ನಲವತ್ತರ ಬಲ್ಬು.
ಹನ್ನೊಂದಕ್ಕೆ ಕರೆಂಟು ಹೋಯಿತು.
ಗಡಿಯಾಚೆಯ ಊರಲ್ಲಿ ಇನ್ನೂ ದೀಪ.
ಸೋಡಾ ಬಾಟಲಿಗೆ ಬಿಸಿನೀರು ತುಂಬಿ
ನನ್ನ ಸಾಲಿಯ ಕಾಲುಚೀಲ ತೊಡಿಸಿ ನಡುವೆ ಇಟ್ಟೆವು.
ಆರಿದಾಗೊಮ್ಮೆ ಎದ್ದು ಬದಲಿಸುವುದು ನನ್ನ ಪಾಳಿ.

ಬೆಲ್ಲದ ನೀರು, ಎರಡು ಹರಳು ಉಪ್ಪು.
"ಗಂಟಲಿಗೆ ಸುರೀಬ್ಯಾಡ," ಅಂದ,
"ಉಸಿರಿನ ದಾರಿ ಅಲ್ಲೇ ಐತಿ. ನನಗ ಗೊತ್ತದ,
ದಿನಾ ನೋಡ್ತೀನಿ."
ಕೊಕ್ಕಿನ ಅಂಚಿಗೆ ಒಂದೇ ಹನಿ
ಇಟ್ಟು ಕಾದ.
ಜಾರಿತು. ಕತ್ತು ಎತ್ತಿ ಮಾಳಿಗೆ ನೋಡಿ
ಗುಲಾಬಿ ನುಂಗಿತು.
ಹಿಂಬದಿಗೆ ಹಿಕ್ಕೆ ಒಣಗಿ ದಾರಿ ಮುಚ್ಚಿತ್ತು ಅದಕ್ಕೆ.
ಒದ್ದೆ ಅರಿವೆ ಒತ್ತಿ ಒತ್ತಿ ನೆನೆಸಿದ,
ಎಳೆಯಲಿಲ್ಲ.
ಹಸಿರಿನ ಕಾಲು ಎರಡೂ ಎರಡು ದಿಕ್ಕಿಗೆ ಜಾರುತ್ತಿದ್ದವು,
ನನ್ನ ರಿಬ್ಬನ್ನಿನ ಚೂರು ಹರಿದು
ಬೆರಳಗಲ ಬಿಟ್ಟು ಕಟ್ಟಿದ.

"ದಿನ್ ಭರ್ ಕಾಟೋ, ರಾತ್ ಭರ್ ಪಾಲೋ,"
ಕೌದಿಯೊಳಗಿಂದ ಅಮ್ಮಿ.
ಅಬ್ಬಾ ಕಂದೀಲಿನ ಬತ್ತಿ ಏರಿಸಿದ, ಅಷ್ಟೆ.

ತಿನ್ನುವುದು ಹುಟ್ಟುತ್ತಲೇ ಬರುತ್ತದೆಂದು ನಾನು ತಿಳಿದಿದ್ದೆ.
ಯಂತ್ರದಲ್ಲಿ ಒಡೆದ ಮರಿಗಳಿವು,
ತಾಯಿಯ ಕೊಕ್ಕು ನೆಲ ಕುಟ್ಟುವ ಸದ್ದನ್ನೇ
ಕೇಳಿದವಲ್ಲ.
ತಾಟಿನಲ್ಲಿ ಜೋಳದ ನುಚ್ಚು, ಕುದಿಸಿದ ತತ್ತಿಯ ಹಳದಿ ಪುಡಿ.
ತತ್ತಿನ್ನೇ ತಿನಸೂದಾ? ಅಂದೆ.
"ಒಳಗಿದ್ದಾಗ ಮತ್ತೇನ ತಿಂದಿತ್ತು?" ಅಂದ.
ಗಡ್ಡ ತಾಟಿಗೆ ತಾಗುವಷ್ಟು ಬಾಗಿ
ಕಿರುಬೆರಳ ಉಗುರಿನಿಂದ ಟಕ್ ಟಕ್ ಟಟಕ್,
ಗಂಟಲಲ್ಲೊಂದು ಕುಕ್ ಕುಕ್.
ನಮ್ಮ ಮನೆಯ ಮಾತಲ್ಲ ಅದು,
ಓಣಿಯ ಕನ್ನಡವಲ್ಲ, ಕಚೇರಿಯ ಮರಾಠಿಯಲ್ಲ.
ಗುಲಾಬಿ ಮೊದಲು ಉಗುರನ್ನೇ ಕುಕ್ಕಿತು.
ಆಮೇಲೆ ನುಚ್ಚು.

ಹಸಿರು ಮೂರನೆಯ ದಿನ ಮಧ್ಯಾಹ್ನ ಹೋಯಿತು.
ಗಿರಾಕಿಗೆ ಚಿಲ್ಲರೆ ಕೊಟ್ಟು, ಕೈ ಒರೆಸಿಕೊಂಡು,
ದಿನಾ ಬುಟ್ಟಿಗಟ್ಟಲೆ ಪುಕ್ಕ ಎಸೆಯುವವನು
ನುಗ್ಗೆಯ ಬುಡದಲ್ಲಿ ಒಂದು ಗೇಣು ಅಗೆದ.
ರಿಬ್ಬನ್ನಿನ ಚೂರು ತೊಳೆದು ತಂದು
ನನ್ನ ಪಾಟಿಚೀಲದ ಮೇಲೆ ಇಟ್ಟ.

ಗುಲಾಬಿಯ ಗುಲಾಬಿ ಉದುರಿ ಈಗ ಬಿಳಿ.
ಅಂಗಡಿಯ ಜಾಳಿಗೆಯಲ್ಲಿರುವವುಗಳದೇ ಬಿಳಿ.
ತಕ್ಕಡಿಯ ಕೆಳಗೆ ಅಡ್ಡಾಡುತ್ತದೆ,
ಹೆಸರೊಂದು ಬಾಕಿ ಉಳಿದುಬಿಟ್ಟಿದೆ.

ನಿನ್ನೆ ಅಬ್ಬಾ ಉದ್ರಿಯ ವಹಿ ತೆಗೆದು ಕೂತಿದ್ದ.
ದಶಕ ನೆನಪಿಟ್ಟುಕೊಳ್ಳಲೆಂದು ಹಲಗೆಯ ಮೇಲೆ
ಕಿರುಬೆರಳು ತಾನಾಗಿ
ಟಕ್ ಟಕ್ ಟಟಕ್.
ಗುಲಾಬಿ ಓಡಿ ಬಂತು.
ಅದರ ಹಿಂದೆಯೇ ಜಾಳಿಗೆಯಲ್ಲಿ ಸದ್ದಡಗಿತು:
ಇಪ್ಪತ್ತೋ ಮೂವತ್ತೋ ತಲೆ ಒಟ್ಟಿಗೆ ಹೊರಳಿ
ತಂತಿಯ ಕಿಂಡಿಕಿಂಡಿಯಿಂದ ಕೊಕ್ಕು ಹೊರಗೆ ಬಂದಿದ್ದವು.

ಅಬ್ಬಾ ಬೆರಳು ಮಡಚಿಕೊಂಡ.
"ಹದಿನೇಳು ಒಂಬತ್ತಲೆ ಎಷ್ಟವ್ವಾ?" ಎಂದು
ನನ್ನನ್ನು ಕೇಳಿದ.
ನೂರ ಐವತ್ತಮೂರು ಅಂದೆ,
ಮೆಲ್ಲಗೆ.