ಎರಡು ಕ್ವಿಂಟಲ್ ಹಿಮ

ಹಿಮ ಬೇಕು ಅಂದಳು ಪ್ರಫುಲ್ಲಾ,
ಫೋನಿನಲ್ಲಿ ಒಂದು ಚಿತ್ರ ತೋರಿಸಿ:
ಬಿಳಿ ಬಯಲು, ಕೆಂಪು ಸ್ವೆಟರು, ಬಾಯಿಂದ ಹೊಗೆ.
ನಾನು ಕಿಟಕಿಯಾಚೆ ನೋಡಿದೆ. ಡಿಸೆಂಬರ್.
ತೀನ್ ಕಂದೀಲಿನಲ್ಲಿ ಕಬ್ಬಿನ ಹಾಲಿನವನಿಗೆ
ಬಿಡುವಿಲ್ಲ.

"ಆಗ್ತದವ್ವಾ" ಅಂದೆ.
ಮದುವೆ ಸಿಂಗರಿಸುವ ಕಸುಬಿನಲ್ಲಿ ಮೊದಲು ಕಲಿತ ಮಾತು ಅದೇ.
ಲೆಕ್ಕ ಬರೆಯುವುದು ಆಮೇಲೆ.

ಹೋದ ಆಷಾಢದಲ್ಲಿ ಮಾವಿನ ಕೆರೆ ದಂಡೆಗೆ ಮಳೆ ತರಿಸಿದ್ದೆ,
ಔಷಧಿ ಹೊಡೆಯುವ ಪಂಪಿನಿಂದ, ಏಳು ಸಲ ತೊಳೆದು.
ಆದರೂ ಮದುಮಗ ಮೂಗು ಮುಚ್ಚಿಯೇ ಪ್ರೀತಿಸಿದ.
ಚೈತ್ರದ ಜೋಡಿಯನ್ನು ಹೂಬಿಟ್ಟ ಬೇವಿನ ಕೆಳಗೆ ಕೂರಿಸಿದೆ ಅಷ್ಟೆ,
ಗಾಳಿಯೇ ಕೆಲಸಕ್ಕೆ ಬಂತು.
ಗಾಳಿಯ ಕೂಲಿಯನ್ನೂ ಬಿಲ್ಲಿಗೆ ಸೇರಿಸಿದ್ದು ನಿಜ.

ಹೈದರಾಬಾದ್ ರಸ್ತೆಯ ಜಿನ್ನಿಂಗ್ ಮಿಲ್ಲಿನ ಗುಮಾಸ್ತ
ವೀರಭದ್ರಪ್ಪ, ಕನ್ನಡಕ ಹಣೆಗೇರಿಸಿ ಕೇಳಿದ:
"ಗಾದಿಗೇನು?"
"ಅಲ್ಲ, ಹಿಮಕ್ಕೆ."
ರಸೀದಿಯಲ್ಲಿ ಹಾಗೇ ಬರೆದ: ಹಿಮ, ಎರಡು ಕ್ವಿಂಟಲ್,
ಬಾಡಿಗೆ ಒಂದು ದಿನ. ತೂಕ ಕಡಿಮೆಯಾದರೆ ದಂಡ.

ಹಿಂದಿನ ರಾತ್ರಿ ಕೇಕು.
ಸೆಟ್ಟಿಗೆ ಥರ್ಮಾಕೋಲಿನ ಮೂರಂತಸ್ತು ಸಾಕು,
ಮೇಲೊಂದಿಷ್ಟು ಕ್ರೀಮು ಬಳಿದರೆ ಕ್ಯಾಮೆರಾ ತೃಪ್ತ.
ಆದರೂ ನಿಜದ್ದೊಂದು ಬೇಯಿಸುತ್ತೇನೆ ಪ್ರತಿ ಸಲ,
ದರಪಟ್ಟಿಯಲ್ಲಿ ಇಲ್ಲದ್ದು, ಯಾರೂ ಕೇಳದ್ದು.
ಸಜ್ಜೆ ಹಿಟ್ಟು ಅರ್ಧ, ಮೈದಾ ಅರ್ಧ,
ಕುಸುಬಿ ಎಣ್ಣೆ, ಕರಿ ಬೆಲ್ಲ, ಗಂಜಿನ ಒಣದ್ರಾಕ್ಷಿ.
ಅವ್ವ ರೊಟ್ಟಿ ಬಡಿಯುವಾಗ ಕಣ್ಣು ಬೇರೆಲ್ಲೋ ಇಟ್ಟು
ಅಂಚು ತೆಳುವಾದದ್ದನ್ನು ಕಿವಿಯಲ್ಲೇ ತಿಳಿಯುತ್ತಿದ್ದಳು.
ನಾನು ಓವನ್ನಿನ ಬಾಗಿಲಿಗೆ ಕಿವಿ ಕೊಡುತ್ತೇನೆ.
ಬೇಯುವ ಕೇಕು ಪಿಸುಗುಡುತ್ತದೆ,
ಮೊದಲ ಮಳೆ ಕುಡಿಯುವ ಎರೆಮಣ್ಣಿನಂತೆ;
ಮಾತು ಮುಗಿದರೆ ಬೆಂದಿತು ಎಂದರ್ಥ.
ಹನ್ನೊಂದೂ ನಲವತ್ತಕ್ಕೆ, ಮಾತಿನ ನಡುವೆ,
ಕರೆಂಟು ಹೋಯಿತು.
ಶಕ್ತಿನಗರದ ಚಿಮಣಿಗಳು ಕಾಣುವ ಮಾಳಿಗೆಯ ಕೆಳಗೆ
ಕೇಕಿನ ನಡುಮಧ್ಯೆ ಒಂದು ಕೆರೆ ಬಿತ್ತು.

ಬೆಳಿಗ್ಗೆ ಏಳಕ್ಕೆ ಮಿಲ್ಲಿನ ಅಂಗಳದಲ್ಲಿ ಹಿಮಪಾತ.
ಲೋಬಾನದ ಹೊಗೆಗೆ ಮಾತ್ರ ಗುಮಾಸ್ತ ಒಪ್ಪಲಿಲ್ಲ,
ಹತ್ತಿ, ಬೆಂಕಿ, ಗೊತ್ತಲ್ಲ.
ಮಿಲ್ಲಿನ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿ ನೋಡುತ್ತ ನಿಂತರು.
ಸಾಬಮ್ಮನಿಗೆ ತಡೆಯಲಿಲ್ಲ. ನನ್ನ ಕೈಯ ಮುದ್ದೆ ಕಸಿದಳು:
"ಹಂಗ ಹಿಂಡಬ್ಯಾಡ. ಬಿಡಿಸು."
ಅವಳ ಬೆರಳಿಂದ ಅದು ಇಳಿದ ರೀತಿಗೆ
ಕ್ಯಾಮೆರಾದ ಮೌಲಾಲಿ ಕ್ಲಿಕ್ಕಿಸುವುದನ್ನೇ ಮರೆತ.
ಎಂಟು ವರ್ಷದಿಂದ ಡಿಸೈನರ್ ಎಂಬ ಬೋರ್ಡು ನನ್ನ ಮನೆ ಮುಂದೆ;
ಚಿತ್ರ ಬಿಡಿಸುತ್ತೇನೆ ಅಂದುಕೊಂಡಿದ್ದೆ.

ಎಂಟೂವರೆಗೆ ಬಿಸಿಲೇರಿ
ಸ್ವೆಟರಿನೊಳಗೆ ಅಮರೇಗೌಡ ಬೆಂದ.
ಇನ್ನೂ ಹತ್ತಿರ ಬರ್ರಿ, ಹಣೆಗೆ ಹಣೆ, ಹಾಂ,
ಅನ್ನುವಷ್ಟರಲ್ಲಿ ಸೀನಿದ.
ಎಂಥ ಸೀನು! ಹಿಮವೆಲ್ಲ ಎದ್ದುನಿಂತಿತು,
ಪ್ರಫುಲ್ಲಾಳ ರೆಪ್ಪೆ, ಥರ್ಮಾಕೋಲ್ ಗೋಪುರ, ಗುಮಾಸ್ತನ ಕನ್ನಡಕ.
ಮೂರು ತಿಂಗಳಿಂದ ಸೆರಗಿನಂಚಲ್ಲಿ ನಗುತ್ತಿದ್ದ ಹುಡುಗಿ
ಹೊಟ್ಟೆ ಹಿಡಿದು ನಕ್ಕಳು, ಮೂಗಿನಿಂದ ಗೊರ್ ಎಂಬ ಸದ್ದು ಬರುವಂತೆ.
ಅವನು ಆ ಸದ್ದು ಕೇಳಿದ್ದು ಮೊದಲ ಸಲ.
ಬೆವರು ಒರೆಸಿಕೊಳ್ಳುವುದು ಬಿಟ್ಟು ನೋಡುತ್ತಲೇ ಇದ್ದ.

ಆಮೇಲೆ ಡಬ್ಬಿ ತೆಗೆದೆ.
ಕೆರೆಗೆ ಹಾಲಿನ ಕೆನೆ ತುಂಬಿದ್ದೆ. ಸುತ್ತ ಎಲ್ಲರೂ ಕೂತರು.
"ಕೇಕಿಗೆ ಸಜ್ಜಿ ಹಾಕತಾರೇನು?" ಸಾಬಮ್ಮನ ಪ್ರಶ್ನೆ.
ನಾ ಹಾಕತೀನಿ, ಅಂದೆ.
ಯೋಚಿಸಿ, ಇನ್ನೊಂದು ತುಂಡಿಗೆ ಕೈಚಾಚಿದಳು.

ಸಂಜೆ ತಕ್ಕಡಿಯಲ್ಲಿ ಒಂದೂವರೆ ಕೇಜಿ ಕಮ್ಮಿ.
ವೀರಭದ್ರಪ್ಪ ತನ್ನ ಅಂಗಿಯ ತೋಳು ನೋಡಿಕೊಂಡು
ದಂಡದ ಜಾಗದಲ್ಲಿ ಬರೆದ: ಕರಗಿದೆ.

ಆಲ್ಬಮ್ಮಿಗೆ ಹೋದದ್ದು ಹಣೆಗೆ ಹಣೆ ತಾಗಿದ ಚಿತ್ರ.
ಸೀನಿನದು ನನ್ನ ಓವನ್ನಿನ ಮೇಲೆ ಅಂಟಿದೆ,
ಹಿಟ್ಟಿನ ಹೆಬ್ಬೆರಳ ಗುರುತಿನೊಂದಿಗೆ.
ಮಸುಕು ಮಸುಕು, ಯಾರ ಮುಖವೂ ಇಲ್ಲ, ಬರೀ ಬಿಳಿ;
ಎಡಮೂಲೆಯಲ್ಲಿ ಸಾಬಮ್ಮನ ಎರಡು ಬೆರಳು
ಇನ್ನೂ ಬಿಡಿಸುತ್ತ.