ಗಂಟಿಲ್ಲದ ನಂಟು

ಲೀಡ್ಸಿನ ಮೂರ್‌ಟೌನು. ಮಂಗಳವಾರ ಸಂಜೆ.
ಸಿನಗಾಗಿನ ಹಿಂಬದಿಯ ಕೋಣೆ, ಕೆಮ್ಮುವ ಹೀಟರು.
ಮೇಜಿನ ತುಂಬ ಬಿಳಿ ಲಿನನ್ ಥಾನು,
ಬಿಸ್ಕತ್ತಿನ ತಗಡು ಡಬ್ಬಿ; ಒಳಗೆ ಬಿಸ್ಕತ್ತಿಲ್ಲ,
ಸೂಜಿ, ಕತ್ತರಿ, ಯಾರದೋ ಒಂಟಿ ಕಿವಿಯೋಲೆ.

ಊರಿಗೆ ಹೊಸಬಳು ನಾನು.
ಬೇಕರಿಯ ಗಾಜಿಗೆ ಅಂಟಿಸಿದ್ದ ಚೀಟಿ ಓದಿ ಬಂದವಳು:
'ಹೊಲಿಯಲು ಜನ ಬೇಕು. ಬಾರದಿದ್ದರೆ ಕಲಿಸುತ್ತೇವೆ.'
ಏನು ಹೊಲಿಯುವುದೆಂದು ಚೀಟಿ ಹೇಳಿರಲಿಲ್ಲ.

ಹೇಳಿದವಳು ಥೆಲ್ಮಾ. ಎಂಬತ್ತಮೂರು.
ಕೋಟು ಕಾರ್ಖಾನೆಯಲ್ಲಿ ಕಾಜಾ ಹೊಲಿದು ಸವೆದ ಬೆರಳು.
'ಸತ್ತವರಿಗೆ,' ಅಂದಳು,
ಚಹಾಕ್ಕೆ ಸಕ್ಕರೆ ಎಷ್ಟೆಂದು ಕೇಳುವ ದನಿಯಲ್ಲೇ.
'ಅಂಗಿ, ಇಜಾರ, ಮೇಲಂಗಿ, ಸೊಂಟದ ಪಟ್ಟಿ.
ಸಿರಿವಂತರಿಗೂ ಇದೇ, ನನಗೂ ಇದೇ.
ಜೇಬು ಮಾತ್ರ ಇಡಬೇಡ.'

ದಾರ ಪೋಣಿಸಿ, ರೂಢಿಯಂತೆ,
ತುದಿಗೆ ಗಂಟು ಹಾಕಿದೆ.
ಕಚಕ್ಕನೆ ಕತ್ತರಿಸಿದಳು.
'ಗಂಟು ಕೂಡದು.'
'ಮತ್ತೆ ಹೊಲಿಗೆ ನಿಲ್ಲುವುದು ಹೇಗೆ?'
'ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.
ಹಿಂದಿನದನ್ನು ಹಿಡಿದುಕೊಂಡೇ ಮುಂದಿನದು ನಿಲ್ಲುತ್ತೆ.'

ಗಂಟಿದ್ದರೆ ಜೀವ ಸಿಕ್ಕಿಕೊಳ್ಳುತ್ತದೆ, ಅಂದಳು ಬ್ಲೂಮಾ.
ಹಾಗಲ್ಲ, ಮಣ್ಣಲ್ಲಿ ಬೇಗ ಬಿಚ್ಚಿಕೊಳ್ಳಲೆಂದು, ಅಂದಳು ಮಿರೆಲ್.
ಹತ್ತು ನಿಮಿಷ ಇಬ್ಬರಿಗೂ ಮಾತಿಲ್ಲ.
ಆಮೇಲೆ ಮೊಮ್ಮಗನ ಮದುವೆ, ಮೊಣಕಾಲು,
ಹೊಸ ರಬ್ಬಿ ಮೂಗಿನಲ್ಲೇ ಹಾಡುತ್ತಾನೆಂಬ ದೂರು.
ಈ ತೋಳು ಯಾರಿಗಾಗಿ ಎಂದು
ಇಲ್ಲಿ ಯಾರೂ ಕೇಳುವುದಿಲ್ಲ.

ಮೂರನೆಯ ತಿಂಗಳು. ಜ್ವರ. ಒಂದು ಮಂಗಳವಾರ ಹೋಗಲಿಲ್ಲ.
ತಿಳಿಸಲೂ ಇಲ್ಲ; ತಿಳಿಸುವಷ್ಟು ಯಾರು ನನಗೆ, ಅಂದುಕೊಂಡೆ.
ಬುಧವಾರ ಬೆಳಗ್ಗೆ ಬಾಗಿಲ ಹೊರಗೆ
ಮೂರು ಡಬ್ಬಿ ಕೋಳಿ ಸಾರು, ಮೂರು ಕೈಬರಹ.
ಬ್ಲೂಮಾಳ ಡಬ್ಬಿಯ ಮೇಲೆ:
'ಮಿರೆಲಳದು ಬರೀ ಉಪ್ಪು. ಇದನ್ನು ಮೊದಲು ಕುಡಿ.'

ನಂಟೆಂದರೆ ಗಂಟೆಂದೇ ತಿಳಿದಿದ್ದೆ.
ಹಾಕಿಸಿಕೊಂಡ ಒಂದು ಬಿಚ್ಚಿಹೋಗಿದ್ದಕ್ಕೇ
ಈ ಊರಿಗೆ ಬಂದವಳಲ್ಲವೇ.

ಮರುವಾರ ಥೆಲ್ಮಾ ಏನೂ ಕೇಳಲಿಲ್ಲ.
ಎಡಗೈ ನೀಡು, ಅಂದಳು.
ಭುಜದಿಂದ ಮಣಿಕಟ್ಟಿನವರೆಗೆ ತೋಳಿನ ಬಟ್ಟೆ ಹಿಡಿದು,
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ:
'ನಿನ್ನಷ್ಟುದ್ದದವರೂ ಇರುತ್ತಾರಲ್ಲ, ಊರಲ್ಲಿ.'
ಕೈ ಹಿಂದಕ್ಕೆಳೆಯಲಿಲ್ಲ ನಾನು.

ಆಚೆ ಮಿರೆಲ್ ಕನ್ನಡಕ ಹುಡುಕುತ್ತಿದ್ದಳು,
ಅದು ಅವಳ ತಲೆಯ ಮೇಲೇ ಇತ್ತು.
ಅವಳ ಸೂಜಿಗೂ ನಾನೇ ದಾರ ಪೋಣಿಸಿದೆ,
ತುದಿಯನ್ನು ಹಾಗೆಯೇ ಬಿಟ್ಟು.