ಸಡಿಲಿಕೆ ಕೋರಿ

ಅರ್ಜಿ ಬಂದದ್ದು ಸೋಮವಾರ, ಸ್ಟಾಂಪು ಹಚ್ಚಿ, ಮಡಿಕೆ ಮುರಿಯದೆ.
ಗುರಪಾದಪ್ಪ ಹೆರಕಲ್, ಕನ್ನಡಕದ ವ್ಯಾಪಾರಿ,
ಬಾಗಲಕೋಟೆ, ನವನಗರ, ಸೆಕ್ಟರ್ ನಲವತ್ತೊಂದು.
ಬೋರ್ಡು ಮೂರಡಿ ಎತ್ತರ, ಹತ್ತಡಿ ಅಗಲ ಎನ್ನುತ್ತದೆ ನಿಯಮ.
ಇವರು ಕೇಳಿದ್ದು ಹನ್ನೆರಡು, ಮೂವತ್ತು.
'ಕಾರಣ' ಎಂಬ ಕಾಲಮ್ಮು ಸಾಲದೆ
ಅಂಚು ಹತ್ತಿ, ಮೂಲೆ ತಿರುಗಿ, ಹಾಳೆಯ ಬೆನ್ನಿಗೂ ಇಳಿದಿತ್ತು
ನೀಲಿ ಶಾಯಿ:

"ಸಾಹೇಬರ, ನನ್ನ ಗಿರಾಕಿ ಯಾರು, ವಿಚಾರ ಮಾಡ್ರಿ.
ಕಣ್ಣು ಕಾಣದವರು.
ಸಣ್ಣ ಅಕ್ಷರ ಕಾಣತಿದ್ರ
ನನ್ನ ಕಡೆ ಯಾಕ ಬರ್ತಿದ್ರು?
ಹಳೇ ಪ್ಯಾಟ್ಯಾಗ ನಮಗ ಬೋರ್ಡ ಇರಲಿಲ್ಲ.
ಬೇವಿನ ಗಿಡ, ಅದರ ಬಾಜೂಕ ಚುರುಮರಿ ಭಟ್ಟಿ.
ಆ ವಾಸನಿ ಹಿಡಕೊಂಡು ಕುರುಡನೂ ಬರತಿದ್ದ.
ಮುಳುಗಡಿ ಪರಿಹಾರದಾಗ ಗ್ವಾಡಿ ಬರಕೊಂಡ್ರು, ಗಿಡ ಬರಕೊಂಡ್ರು,
ವಾಸನಿ ಬರಕೊಳ್ಳಲಿಲ್ಲ.
ಇಲ್ಲಿ ಎಲ್ಲಾ ಓಣೀನೂ ಒಂದ ಅಚ್ಚಿನ ಇಟ್ಟಂಗಿ."

ತೋಳುದ್ದ ಹಿಡಿದು ಓದಿದೆ.
ನನಗೆ ಐವತ್ತೇಳು. ಇನ್ನೂ ಕನ್ನಡಕ ಮಾಡಿಸಿಲ್ಲ.
ಅದು ಕಡತಕ್ಕೆ ಸಂಬಂಧಿಸಿದ್ದಲ್ಲ.

ಬುಧವಾರ ಸ್ಥಳ ಪರಿಶೀಲನೆ. ಟೇಪು, ಜವಾನ, ನಾನು.
ಕಲಾದಗಿ ಕಡೆಯ ಮುದುಕಿಯೊಬ್ಬಳು
ಪಕ್ಕದ ಮೊಬೈಲ್ ಅಂಗಡಿಯ ಗಾಜಿಗೆ ಹಣೆ ಹಚ್ಚಿ
"ಹತ್ತಿರದ್ದು ಕಾಣೂದು ಒಂದು ತೋರಸೋ ತಮ್ಮಾ" ಅನ್ನುತ್ತಿದ್ದಳು.
ಗುರಪಾದಪ್ಪ ನನ್ನ ಮುಖ ನೋಡಿದರು,
ಸಾಕ್ಷಿ ತಾನಾಗಿ ಕಟಕಟೆ ಹತ್ತಿದ ಹಾಗೆ.

ಅಷ್ಟರಲ್ಲಿ ಮಾಳಿಗೆಯಿಂದ ದನಿ:
"ಆ ಟೇಪು ಎಲ್ಲೀತನಾ ಏರಸ್ತೀರಿ?"
ಜೈತುನಬಿ. ಬಾಡಿಗೆಯ ಒಂದು ಖೋಲಿ, ಒಂದೇ ಕಿಟಕಿ,
ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ.
"ಕರೀ ಬಟ್ಟಿ ಮ್ಯಾಲ ಕರೀ ದಾರ,
ಬಲ್ಬಿನ ಬೆಳಕು ಸುಳ್ಳು ಹೇಳತೈತ್ರಿ.
ಊರಿಗೆಲ್ಲಾ ಕಣ್ಣು ಕೊಡಲಿ ಪಾಪ,
ನಂದೊಂದು ಜೋಡಿ ಕಸಗೊಳ್ಳೂದು ಬ್ಯಾಡ."
ಅವಳ ಮೂಗಿನ ಮೇಲಿದ್ದದ್ದು ಕೆಳಗಿನ ಅಂಗಡಿಯದೇ ಮಾಲು.
ಇನ್ನೂರು ಬಾಕಿ ಇತ್ತಂತೆ. ಗುರಪಾದಪ್ಪ
ಅದನ್ನು ಆಡಲಿಲ್ಲ. ಆಮೇಲೆ ಜವಾನ ಹೇಳಿದ್ದು.

ಏಣಿಯ ಬುಡದಲ್ಲಿ ಕೂತಿದ್ದ ಪೇಂಟರ್ ಯಮನೂರ
ಎಲೆ ಉಗುಳಿ ಬಂದು, ಡಾಂಬರಿನ ಮೇಲೆ ಸೀಮೆಸುಣ್ಣದಲ್ಲಿ
ಬರೆದ: ಅಂಗಡಿ.
"ಕಿಟಕಿ ಕರೆಕ್ಟ್ ಸೊನ್ನಿ ಮ್ಯಾಲ ಬರತೈತಿ.
ಸೊನ್ನಿ ಕೊರದು ತಗದಬಿಡೂಣು.
ದೊಡ್ಡದ ಕೊರೀಬೇಕು ಮತ್ತ,
ಕಾಣದಂಗಾದ್ರ ಅಗಡಿ ಅಂತ ಓದಿ
ಹಾವೇರಿ ಬಸ್ಸು ಹತ್ತ್ಯಾರು."

ನಕ್ಕೆವು. ಜೈತುನಬಿ ನಗಲಿಲ್ಲ.
"ಕಿಟಕಿ ಚೌಕ ಐತಿ, ಸೊನ್ನಿ ದುಂಡಗ.
ನಾಕು ಮೂಲಿ ಬೆಳಕು ಯಾರಪ್ಪಂದು?"

ಯಮನೂರ ಸೀಮೆಸುಣ್ಣ ನೋಡುತ್ತ ನಿಂತ.
ಲಾರಿಯೊಂದು ಬಂದು ಅಕ್ಷರದ ಮೇಲೇ ಹಾದುಹೋಯಿತು.

ಕಚೇರಿಯಲ್ಲಿ ಷರಾ ಬರೆಯಲು ಕೂತೆ.
ತೂತನ್ನು ಬೋರ್ಡಿನ ವಿಸ್ತೀರ್ಣದಲ್ಲಿ ಕಳೆಯುವುದೋ, ಕೂಡುವುದೋ?
ತೂತಿಗೆ ತೆರಿಗೆ ಉಂಟೋ?
ಸೊನ್ನೆಯ ಒಳಗೆ ಒಬ್ಬಳು ಕೂತು ಹೊಲಿಯುತ್ತಿದ್ದರೆ
ಅದು ಜಾಹೀರಾತೋ, ವಾಸವೋ?
'ಹೆಚ್ಚಿನ ಸ್ಪಷ್ಟೀಕರಣಕ್ಕಾಗಿ ಮಂಡಿಸಿದೆ'
ಎಂದು ಬರೆದು, ದಾರ ಕಟ್ಟಿದೆ.

ನಿನ್ನೆ ಸಂಜೆ ಮತ್ತೆ ಹೋಗಿದ್ದೆ, ಸ್ವಂತ ಕೆಲಸಕ್ಕೆ.
ಮೂವತ್ತೊಂಬತ್ತರಲ್ಲಿ ಒಮ್ಮೆ, ನಲವತ್ತರಲ್ಲಿ ಒಮ್ಮೆ
ಅದೇ ಕಾಂಪೌಂಡು, ಅದೇ ನೀರಿನ ಟಾಕಿ, ಅದೇ ತಿರುವು.
ಕರೆಂಟು ಬೇರೆ ಹೋಯಿತು. ಕಣ್ಣು ಕಿರಿದು ಮಾಡಿ
ಕತ್ತಲಲ್ಲಿ ನಿಂತಾಗ
ಎಲ್ಲೋ ಮೇಲೆ ಟರ್‌ರ್ರ್... ಟಕ್... ಟರ್‌ರ್ರ್.
ಆ ಸದ್ದು ಹಿಡಿದು ನಡೆದೆ.

ಗುರಪಾದಪ್ಪ ಕಡತದ ಸುದ್ದಿ ಕೇಳಲಿಲ್ಲ.
ಬ್ಯಾಟರಿ ಹಚ್ಚಿ, ಮೂಗಿಗೆ ತಣ್ಣನೆಯ ಚೌಕಟ್ಟು ಏರಿಸಿ,
"ಓದ್ರಿ" ಎಂದರು.
ಗೋಡೆಯ ತಖ್ತೆಯಲ್ಲಿ
ಎಲ್ಲಕ್ಕೂ ಮೇಲಿನ ಒಂದಕ್ಷರವಷ್ಟೇ ಕಂಡಿತು.
ಎಷ್ಟು ದೊಡ್ಡದಿತ್ತು ಅದು,
ಯಾರ ಅನುಮತಿಯೂ ಇಲ್ಲದೆ.